ರಂಗಸ್ವಾಮಿಯ ಹಕಾರ

“ಟಿಪ್ಪುವಿನ ಹಾಳ್ವಿಕೆಯಲ್ಲಿ ಮೈಸೂರು ಸಂಸ್ಥಾನವು...” ಅಂತ ಶುರು ಮಾಡಿದ ನೋಡಿ, ಹಿಂದಿನ ಬೆಂಚಲ್ಲಿ ಕೂತಿದ್ದ ನನಗೆ ಅಲ್ಲೇ ಪಿತ್ತ ನೆತ್ತಿಗೇರಿತು. ಆಳ್ವಿಕೆ ಅನ್ನೋ ಮಾತಿಲ್ಲದೆ ಇತಿಹಾಸದಲ್ಲಿ ಒಂದು ಪುಟ ತಿರುವಕ್ಕಾಗತ್ತಾ? ಈ ಪುಣ್ಯಾತ್ಮನ ಬಾಯಲ್ಲಿ ಅಶೋಕನಿಂದ ಹಿಡಿದು ಎಲ್ಲ ರಾಜರೂ ಹಾಳ್ವಿಕೆ ಮಾಡೋರೆ. ಅದೇ ಬಾಯಲ್ಲಿ ಹೈದರಾಲಿ ಐದರಾಲಿ, ಹಂಪಿ ಅಂಪಿ. ಬೇಕಾದ ಕಡೆ ಹಕಾರ ಇಲ್ಲ, ಬೇಡದ ಕಡೆ ಒಂದು ಗಾಡಿ ಹಕಾರ.

ನಾನು ಶಾಮಣ್ಣ. ಶ್ರೀರಂಗಪಟ್ಟಣದ ಹೈಸ್ಕೂಲಲ್ಲಿ ಇಪ್ಪತ್ತೆರಡು ವರ್ಷದಿಂದ ಇತಿಹಾಸ ಹೇಳ್ಕೊಂಡು ಬಂದವನು. ಪ್ರತಿ ವರ್ಷ ಬಿ.ಎಡ್. ಕಾಲೇಜಿನವರು ಅಭ್ಯಾಸ ಪಾಠಕ್ಕೆ ಅಂತ ನಾಲ್ಕೈದು ಜನರನ್ನ ನನ್ನ ತಲೆಗೆ ಕಟ್ತಾರೆ. ತೊಂಬತ್ತನಾಲ್ಕರ ನವೆಂಬರಲ್ಲಿ ಬಂದವನು ಈ ರಂಗಸ್ವಾಮಿ. ನಾಗಮಂಗಲ ತಾಲ್ಲೂಕು, ಬಿಂಡಿಗನವಿಲೆ. ಅಪ್ಪ ದ್ಯಾವಯ್ಯನ ಜೊತೆ ಕುರಿ ಮೇಯಿಸ್ಕೊಂಡೇ ಎಸ್ಸೆಸ್ಸೆಲ್ಸೀನ ಎರಡನೇ ಸಲಕ್ಕೆ ಪಾಸು ಮಾಡಿದ್ದ. ಬಿ.ಎ. ಮುಗಿಸಿ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆ ದಿನಗೂಲಿ ಐದು ವರ್ಷ. ಅವರೂರ ಹತ್ತಿರದ ಒಂದು ಪ್ರೌಢಶಾಲೆಯವರು, ಬಿ.ಎಡ್.ನಲ್ಲಿ ಫಸ್ಟ್ ಕ್ಲಾಸ್ ತಂದರೆ ಇತಿಹಾಸದ ಮೇಷ್ಟ್ರ ಕೆಲಸ ನಿನಗೇ ಅಂದಿದ್ರಂತೆ. ಆ ಒಂದು ಮಾತು ನಂಬ್ಕೊಂಡು ಇಪ್ಪತ್ತೊಂಬತ್ತನೇ ವಯಸ್ಸಿಗೆ ಕೆಲಸ ಬಿಟ್ಟು ಬಂದು ಕಾಲೇಜು ಸೇರಿದ್ದ.

ಮಕ್ಕಳು ಅವನ ಹಾಳ್ವಿಕೆಗೆ ನಗ್ತಿರಲಿಲ್ಲ. ಅವರೂ ಮನೇಲಿ ಅಂಗೆ ಇಂಗೆ ಅನ್ನೋರೆ ತಾನೆ. ಸಂಕಟ ಎಲ್ಲ ನನ್ನದೊಬ್ಬನದೇ.

ಒಂದು ದಿನ ಇಂಗ್ಲಿಷರ ದಂಡು ಪಟ್ಟಣಕ್ಕೆ ಮುತ್ತಿಗೆ ಹಾಕಿದ ಪಾಠ. ಇವನು ಪುಸ್ತಕ ಮುಚ್ಚಿಟ್ಟು, “ಬ್ಯಾಸ್ಗೇಲಿ ಒಳೆ ದಾಟ್ತೀರಲ್ಲ, ನೀರು ಎಲ್ಲಿಗಂಟ ಬತ್ತದೆ?” ಅಂತ ಕೇಳಿದ. ಒಬ್ಬ ಮಂಡಿ ಅಂದ, ಇನ್ನೊಬ್ಬ ಸೊಂಟ ಅಂದ, ಜಗಳವೇ ಹತ್ತಿತು. “ಮಳೆ ಹುಯ್ದು ಒಳೆ ತುಂಬ್ಬುಟ್ರೆ?” ಅಂದ. ದಾಟಕ್ಕಾಗಕಿಲ್ಲ ಸಾ ಅಂತ ಇಡೀ ಕ್ಲಾಸು ಅಂತು. “ಅದ್ಕೇ ಕಣ್ರಪ್ಪ, ಅವ್ರು ಮಳೆಗಾಲಕ್ಕೆ ಮುಂಚೇನೆ ಬಂದು ನುಗ್ಬುಟ್ರು” ಅಂದ. ಒಂಬತ್ತನೇ ಕ್ಲಾಸಿನ ನಲವತ್ತೆಂಟು ಮಕ್ಕಳು ಬಾಯಿ ಬಿಟ್ಕೊಂಡು ಕೂತಿದ್ವು. ನಾನು ಹುಟ್ಟಿದ್ದು ಇದೇ ಹೊಳೆ ದಡದಲ್ಲಿ, ಇಪ್ಪತ್ತೆರಡು ವರ್ಷ ಹೇಳಿದ್ದು ಇದೇ ಪಾಠ. ಆ ಪ್ರಶ್ನೆ ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ. ಹೊಟ್ಟೆ ಉರೀತು ಅಂದರೂ ಸರಿಯೇ.

ಆದರೆ ಅವನ ಅಭ್ಯಾಸ ಪಾಠದ ಪುಸ್ತಕದಲ್ಲಿ, ಅಭಿಪ್ರಾಯ ಅನ್ನೋ ಜಾಗದಲ್ಲಿ, ನಾನು ಕೆಂಪು ಇಂಕಿನಲ್ಲಿ ಬರೆದಿದ್ದೇನು? ‘ಉಚ್ಚಾರಣಾ ದೋಷ, ಮೂವತ್ತೊಂದು.’ ಅಷ್ಟೇ. ಬೇರೆ ಒಂದಕ್ಷರ ಬರೀಲಿಲ್ಲ.

ಫೆಬ್ರವರಿಯಲ್ಲಿ ಕೊನೇ ಪಾಠ. ಮೈಸೂರಿಂದ ಪರೀಕ್ಷಕರು ಬಂದು ಕೂತು ನೋಡಿ ಅಂಕ ಹಾಕ್ತಾರೆ. ಫಸ್ಟ್ ಕ್ಲಾಸು ಬರೋದೂ ಹೋಗೋದೂ ಆ ಮುಕ್ಕಾಲು ಗಂಟೆ ಮೇಲೆ. ನನಗೆ ನಿದ್ದೆ ಹತ್ತದ ಹಾಗಾಯ್ತು. ಪರೀಕ್ಷಕರ ಮುಂದೆ ಹಾಳ್ವಿಕೆ ಅಂದರೆ ಇವನ ಗತಿ ಏನು? “ನಾಳೆಯಿಂದ ದಿನಾ ಬೆಳಗ್ಗೆ ಮನೆಗೆ ಬಾರಯ್ಯ” ಅಂದೆ.

ಹದಿನೈದು ದಿನ ಬಂದ. ಅಂಗೈನ ಬಾಯಿ ಮುಂದೆ ಹಿಡ್ಕೊ, ಹಕಾರಕ್ಕೆ ಉಸಿರು ತಾಗಬೇಕು, ಅಕಾರಕ್ಕೆ ತಾಗಬಾರದು ಅಂತ ಹೇಳ್ಕೊಟ್ಟೆ. ಗಣಪತಿ ಮಾಡು ಅಂದರೆ ಅವರಪ್ಪನ್ನ ಮಾಡ್ದ. ಆನೆ ಹಾನೆ ಆಯ್ತು, ಅರಮನೆ ಹರಮನೆ ಆಯ್ತು. ನನ್ನ ಹೆಂಡತಿ ಕಮಲ ತಿಂಡಿ ಕೊಟ್ಟರೆ, “ಹುಪ್ಪಿಟ್ಟು ಚೆನ್ನಾಗೈತೆ ಕಮಲಮ್ನೋರೆ” ಅಂದ. ನಾನು ಹಣೆ ಹಣೆ ಚಚ್ಕೊಂಡೆ.

“ಏನ್ರೀ ನೀವು, ಅವನನ್ನ ಉಗುಳು ನುಂಗಕ್ಕೂ ಬಿಡ್ತಿಲ್ಲ” ಅಂದಳು ಕಮಲ. “ಮಕ್ಕಳಿಗೆ ಅರ್ಥ ಆಗ್ತಿದೆ ತಾನೆ? ಅವನ ಪಾಡಿಗೆ ಬಿಡಿ.”

“ನಿನಗೇನು ಗೊತ್ತಾಗತ್ತೆ, ಸುಮ್ಮನಿರು” ಅಂದೆ. ಇಡೀ ಪಾಠನ ಹಾಳೆ ಮೇಲೆ ಬರೆಸಿ, ಒಂದೊಂದು ಹಕಾರಕ್ಕೂ ಕೆಂಪು ಸುತ್ತು ಹಾಕಿ, ಉರು ಹೊಡಿಸಿದೆ. ಬರೆದಿದ್ದು ಬಿಟ್ಟು ಒಂದು ಮಾತೂ ಆಡಬೇಡ, ಆಡಿದರೆ ಕೆಟ್ಟೆ ಅಂತ ತಾಕೀತು ಮಾಡಿದೆ. ಹೂಂ ಸಾ ಅಂದ.

ಆ ದಿನ ಬಂತು. ಪರೀಕ್ಷಕರು ನನ್ನ ಪಕ್ಕದಲ್ಲೇ ಕೂತಿದ್ದರು. ರಂಗಸ್ವಾಮಿ ಇಸ್ತ್ರಿ ಶರ್ಟು ಹಾಕ್ಕೊಂಡು ನಿಂತು, ಹೈದರಾಲಿಯನ್ನ ಹೈದರಾಲಿ ಅಂದ, ಆಳ್ವಿಕೆಯನ್ನ ಆಳ್ವಿಕೆ ಅಂದ. ನನಗೆ ಸ್ವಂತ ಮಗ ಪಾಸಾದಷ್ಟು ಖುಷಿ. ಮಕ್ಕಳು ಮಾತ್ರ ಪಿಟ್ಟೆನ್ನದೆ ಕೂತಿದ್ವು. ಅವನು ಅವರ ಕಡೆ ನೋಡ್ತಾನೇ ಇರಲಿಲ್ಲ, ಗೋಡೆ ನೋಡ್ಕೊಂಡು ಒಪ್ಪಿಸ್ತಿದ್ದ. ಇಂಗ್ಲಿಷರು ಫಿರಂಗಿಯಿಂದ ಕೋಟೆ ಗೋಡೆ ಒಡೆದ ಮಾತು ಬಂದಾಗ ಎರಡನೇ ಬೆಂಚಿನ ಅರ್ಚನ ಕೈ ಎತ್ತಿದಳು. “ಸಾರ್, ನಮ್ಮನೆ ಹಿಂದ್ಗಡೆ ಒಡೆದಿರೋ ಗೋಡೆ ಇದೆಯಲ್ಲ, ಅದೇನಾ?”

ಬೇರೆ ದಿನ ಆಗಿದ್ದರೆ ಅವನು ಇಡೀ ಕ್ಲಾಸನ್ನ ಆ ಗೋಡೆ ಹತ್ತಿರಕ್ಕೇ ಕರ್ಕೊಂಡು ಹೋಗಿರ್ತಿದ್ದ. ಇವತ್ತು ಬಾಯಿ ತೆರೆದ, ಅಂಗೈ ತಾನಾಗೇ ಬಾಯಿ ಮುಂದಕ್ಕೆ ಬಂತು. ನನ್ನ ಮುಖ ನೋಡಿದ. ಆ ಪ್ರಶ್ನೆಗೆ ಉತ್ತರ ಹಾಳೆಯಲ್ಲಿರಲಿಲ್ಲ. “ಕುಳಿತುಕೊಳ್ಳಿ” ಅಂತ ಹೇಳಿ ಮುಂದಿನ ಸಾಲಿಗೆ ಹೋದ.

ಸ್ಟಾಫ್ ರೂಮಲ್ಲಿ ಪರೀಕ್ಷಕರು ಕಾಫಿ ಕುಡೀತಾ, “ಭಾಷೆ ಶುದ್ಧವಾಗಿದೆ ಶಾಮಣ್ಣನೋರೆ, ಆದರೆ ಗಿಣಿಪಾಠ. ಮಕ್ಕಳ ಜೊತೆ ಮಾತೇ ಆಡೋಲ್ಲ ಈತ” ಅಂದರು. ದಿನಾ ಹೀಗಲ್ಲ ಸಾರ್, ಇವನಷ್ಟು ಚೆನ್ನಾಗಿ ಪಾಠ ಮಾಡೋನನ್ನ ನಾನು ನೋಡಿಲ್ಲ ಅಂತ ಗೋಗರೆದೆ. “ನಾನು ನೋಡಿದ್ದು ಇವತ್ತು ತಾನೆ?” ಅಂದರು. ಅವರು ಹೇಳಿದ್ದು ನ್ಯಾಯವೇ. ಮೂರು ತಿಂಗಳಿಂದ ನೋಡಿದವನು ನಾನು, ಬರೆದಿಟ್ಟಿದ್ದು ಮಾತ್ರ ತಪ್ಪಿನ ಲೆಕ್ಕ.

ಜುಲೈನಲ್ಲಿ ಫಲಿತಾಂಶ ಬಂತು. ಸೆಕೆಂಡ್ ಕ್ಲಾಸು, ನಾಲ್ಕೇ ಅಂಕ ಕಡಿಮೆ. ಊರಿನ ಕೆಲಸ ಬೇರೆಯವರ ಪಾಲಾಯ್ತು, ಇವನು ಮತ್ತೆ ಕೆ.ಆರ್.ಎಸ್. ದಿನಗೂಲಿಗೆ ಹೋದ. ಅದಾದ ಮೇಲಿನ ಭಾನುವಾರ ಒಂದು ಚೀಲ ಹುರುಳಿಕಾಳು ಹೊತ್ಕೊಂಡು ನಮ್ಮ ಮನೆಗೆ ಬಂದ. ನನಗೆ ಅವನ ಮುಖ ನೋಡಕ್ಕಾಗಲಿಲ್ಲ. ನಾಚಿಕೆ ಆಯ್ತು, ನನ್ನ ಮೇಲೆ ನನಗೇ ಸಿಟ್ಟು ಬಂತು.

“ನಿನ್ನ ಪಾಠ ಕೆಡಿಸಿದವನು ನಾನು ಕಣಯ್ಯ” ಅಂದೆ.

“ಅಂಗನ್ಬ್ಯಾಡಿ ಸಾ” ಅಂದ ಅವನು, ಚೀಲ ಇಳಿಸ್ತಾ. “ದೊಡ್ಡೋರ ಮುಂದೆ ಒಂದೂ ತಪ್ಪಿಲ್ದೆ ಮಾತಾಡ್ಬುಟ್ಟೆ. ಎಲ್ಲಾ ನಿಮ್ಮಿಂದ್ಲೆಯ.”