ಟಚ್‌ಪ್ಯಾಡಿನ ಮೇಲೊಂದು ಲಗ್ನಪತ್ರಿಕೆ

ನನಗೆ ಕಣ್ಣು ಕಾಣುವುದಿಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮದ್ದೂರಿನಲ್ಲಿ ಮನೆ, ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಶಾಲೆ, ದಿನಾ ಬಸ್ಸಿನ ಓಡಾಟ. ಇವಕ್ಕೆಲ್ಲ ಒಗ್ಗಿಕೊಂಡು ಎಷ್ಟೋ ವರ್ಷವಾಯಿತು. ನಾನು ಒಗ್ಗಿಕೊಳ್ಳಲಾಗದೆ ಸೋತದ್ದು ಒಂದಕ್ಕೇ, ಶಾಲೆಗೆ ಮಂಡ್ಯದ ಶಿಕ್ಷಣ ಇಲಾಖೆಯಿಂದ ಬಂದ ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೆ.

ಕೀಲಿಮಣೆಯ ಕೆಳಗೆ ಅಂಗೈಯಗಲದ ಒಂದು ನುಣುಪು ಜಾಗ ಇರುತ್ತದಲ್ಲ, ಅದು. ಕಣ್ಣಿದ್ದವರು ಅದರ ಮೇಲೆ ಬೆರಳಾಡಿಸಿ ಪರದೆಯ ಬಾಣವನ್ನು ಓಡಿಸುತ್ತಾರೆ. ನನಗೆ ಆ ಬಾಣದಿಂದ ಎಳ್ಳಷ್ಟೂ ಉಪಯೋಗವಿಲ್ಲ. ನಾನು ಒತ್ತುವ ಕೀಗಳನ್ನೂ ಪರದೆಯ ಮೇಲಿನ ಅಕ್ಷರಗಳನ್ನೂ ಒಂದು ಸಾಫ್ಟ್‌ವೇರ್ ನನ್ನ ಕಿವಿಗೆ ಓದಿ ಹೇಳುತ್ತದೆ. ಕೀಲಿಮಣೆಯೊಂದಿದ್ದರೆ ನನ್ನ ಕೆಲಸ ಸಲೀಸು. ಆದರೆ ಈ ಟಚ್‌ಪ್ಯಾಡು ಮಹಾ ಮುಟ್ಟಿದರೆ ಮುನಿ. ಟೈಪ್ ಮಾಡುವಾಗ ಹೆಬ್ಬೆರಳ ಬುಡ ಸೋಕಿದರೂ ಸಾಕು, ನಾಲ್ಕನೇ ಸಾಲಿನಲ್ಲಿದ್ದ ನನ್ನನ್ನು ಎತ್ತಿ ಒಂದನೇ ಸಾಲಿಗೆ ಒಗೆಯುತ್ತದೆ. ಒಗೆದದ್ದನ್ನು ಹೇಳುವುದೂ ಇಲ್ಲ. ಕಿವಿಯಲ್ಲಿ ನಾನು ಒತ್ತಿದ ಅಕ್ಷರಗಳೇ ಕೇಳುತ್ತಿರುತ್ತವೆ, ನಾನು ನೆಮ್ಮದಿಯಾಗಿ ಹಾಳುಮಾಡುತ್ತಾ ಹೋಗುತ್ತೇನೆ.

ಇದನ್ನು ಆರಿಸುವುದಕ್ಕೆ ಒಂದು ಕೀ ಇದೆ, ಒತ್ತಿದಾಗ ಆರಿತೋ ಹೊತ್ತಿತೋ ಎಂದು ಮಾತ್ರ ಅದು ಕಿವಿಗೆ ಹೇಳುವುದಿಲ್ಲ. ಮೊದಲ ವಾರವೇ ಕಂಡುಕೊಂಡು ಆರಿಸಿದೆ. ಮಾರನೆಯ ದಿನ ನೋಡಿದರೆ ಮತ್ತೆ ಚಾಲೂ. ಮತ್ತೆ ಆರಿಸಿದೆ, ಮತ್ತೆ ಚಾಲೂ. ಹಲ್ಲು ಕಡಿದುಕೊಂಡು ಒಂದು ವಾರ ಇದೇ ಆಟವಾದ ಮೇಲೆ ನಮ್ಮ ಗಣಿತದ ಮೇಷ್ಟ್ರು ತಾವಾಗಿಯೇ ಬಂದು ಹೇಳಿದರು.

"ಮೇಡಂ, ಇದರ ಮೌಸು ಪದೇ ಪದೇ ಕೆಟ್ಟೋಯ್ತದೆ. ನಾನೇ ದಿನಾ ಸರಿ ಮಾಡಿ ಇಡ್ತಾ ಇವ್ನಿ. ನೀವೇನೂ ಯೋಚ್ನೆ ಮಾಡ್ಬೇಡಿ."

ಇದ್ದದ್ದು ಒಂದೇ ಲ್ಯಾಪ್‌ಟಾಪು. ನಾನು ಪಾಠಕ್ಕೆ ಹೋದ ಪೀರಿಯಡ್ಡಿನಲ್ಲಿ ಹಾಜರಾತಿ ತುಂಬಲು ಅವರು ತೆಗೆದುಕೊಳ್ಳುತ್ತಿದ್ದರು. ಬಾಣ ಅಲುಗದಿದ್ದರೆ ಅವರ ಪಾಲಿಗೆ ಅದು ಕೆಟ್ಟಿದೆ ಎಂದೇ ಲೆಕ್ಕ. ಎರಡು ಸಲ ಬಿಡಿಸಿ ಹೇಳಿದೆ. "ಓ, ಅಂಗಾ" ಅಂದರು. ಆದರೂ ಕೈ ಅಭ್ಯಾಸ, ಮತ್ತೆ ಚಾಲೂ ಮಾಡಿ ಎದ್ದು ಹೋಗುವರು. ಇಂಥ ಒಳ್ಳೆಯ ಮನುಷ್ಯನ ಮೇಲೆ ಕೂಗಾಡುವುದು ಹೇಗೆ?

ಹೀಗಿರುವಾಗ ಒಂಬತ್ತನೇ ತರಗತಿಯ ಮೊದಲ ಕಿರುಪರೀಕ್ಷೆ ಬಂತು. ಪ್ರಶ್ನೆಪತ್ರಿಕೆಯನ್ನು ನಾನೇ ಟೈಪ್ ಮಾಡಿ, ಎರಡು ಸಲ ಪೂರ್ತಿ ಕೇಳಿ, ಸರಿಯಿದೆ ಅಂದುಕೊಂಡೆ. ಅಷ್ಟರಲ್ಲಿ ಹೆಡ್‌ಮಾಸ್ಟರು, ಮಣ್ಣಿನ ಸವಕಳಿಯ ಮೇಲೂ ಒಂದು ಪ್ರಶ್ನೆ ಇರಲಿ ಎಂದರು. ಕೊನೆಗೆ ಹೋಗಿ ಸೇರಿಸಿದೆ. ಬೆಲ್ಲು ಹೊಡೆಯಿತು, ಮತ್ತೊಮ್ಮೆ ಕೇಳದೆ ಪ್ರಿಂಟಿಗೆ ಕೊಟ್ಟೆ. ಕೇಳದ್ದು ನನ್ನ ತಪ್ಪೇ, ಇಲ್ಲವೆನ್ನುವುದಿಲ್ಲ. ಆದರೆ ಕೊನೆಯಲ್ಲಿ ಟೈಪ್ ಮಾಡಿದ್ದು ಐದನೇ ಪ್ರಶ್ನೆಯ ಹೊಟ್ಟೆಯೊಳಗೆ ಹೋಗಿ ಕೂತದ್ದು ನನ್ನ ತಪ್ಪಲ್ಲ.

ಮಕ್ಕಳ ಕೈಗೆ ಸಿಕ್ಕ ಪ್ರಶ್ನೆ ಹೀಗಿತ್ತು: ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಮಣ್ಣಿನ ಸವಕಳಿ ತಡೆಯಲು ಎರಡು ಕ್ರಮಗಳನ್ನು ಬರೆಯಿರಿ ಜನರು ಏಕೆ ಸೇರಿದರು?

ನಗು ಪಕ್ಕದ ಕೊಠಡಿಯವರೆಗೂ ಕೇಳಿಸಿತಂತೆ. ಒಬ್ಬಳು ಹುಡುಗಿ ಮಾತ್ರ ಪಾಪ, ಗಂಭೀರವಾಗಿ, ಬಾವುಟದ ಕಂಬ ನೆಟ್ಟರೆ ಮಣ್ಣು ಗಟ್ಟಿಯಾಗುತ್ತದೆ ಎಂದು ಬರೆದಿದ್ದಳು. ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ಹೆಡ್‌ಮಾಸ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೆತ್ತಗೆ, "ಬುಡಿ ಮೇಡಂ, ಕಣ್ಣಿಲ್ಲದೆ ನೀವಾದ್ರೂ ಏನ್ ಮಾಡಕಾಯ್ತದೆ? ಮುಂದಿನ ಸಲದಿಂದ ನೀವು ಬಾಯಲ್ಲಿ ಹೇಳಿ, ನಾನು ಟೈಪ್ ಮಾಡ್ತೀನಿ" ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಪತ್ರಿಕೆಯನ್ನು ನಾನೇ ಬರೆಯಬೇಕೆಂದು ಬ್ರೈಲಿನಿಂದ ಕಂಪ್ಯೂಟರಿಗೆ ಬಂದವಳು ನಾನು. ಪರೀಕ್ಷೆಯಲ್ಲಿ ಇನ್ನೊಬ್ಬರಿಗೆ ಬಾಯಲ್ಲಿ ಹೇಳಿ ಬರೆಸಿಯೇ ಡಿಗ್ರಿಯವರೆಗೂ ಓದಿದ್ದೆ. ಅವರು ನನ್ನ ಮಾತನ್ನು ತಮಗೆ ತೋಚಿದಂತೆ ಮೊಟಕುಮಾಡುವುದನ್ನು ಸಹಿಸಿ ಸಹಿಸಿ ಸಾಕಾಗಿತ್ತು. ಕೆಲಸ ಸಿಕ್ಕ ಮೇಲೆ ಅದು ಮುಗಿಯಿತು ಎಂದುಕೊಂಡಿದ್ದೆ. ಈಗ ಅಂಗೈಯಗಲದ ಒಂದು ಜಾಗ ನನ್ನನ್ನು ಮತ್ತೆ ಅಲ್ಲಿಗೇ ತಂದು ನಿಲ್ಲಿಸಿತ್ತು.

ಸಂಜೆ ಮನೆಗೆ ಬಂದು, ಟಿಪ್ಪಣಿ ಬರೆಯಲೆಂದು ಶಾಲೆಯಿಂದ ತಂದಿದ್ದ ಲ್ಯಾಪ್‌ಟಾಪನ್ನು ಮಂಚದ ಮೇಲೆ ಧೊಪ್ಪನೆ ಹಾಕಿದೆ. ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡು, "ಕೈ ತಾಕದಂಗೆ ಅದ್ರ ಮ್ಯಾಲೆ ಏನಾರ ಮುಚ್ಚುದ್ರಾಯ್ತು ಕಣವ್ವ, ಅದ್ಕ್ಯಾಕೆ ಅಳ್ತೀಯಾ?" ಎಂದರು.

ಅಳುತ್ತಿರಲಿಲ್ಲ ನಾನು. ಅಥವಾ ಸ್ವಲ್ಪ ಅಳುತ್ತಿದ್ದೆನೋ ಏನೋ.

ನಮ್ಮ ಮನೆಯ ಗೂಡಿನಲ್ಲಿ ಲಗ್ನಪತ್ರಿಕೆಗಳ ದೊಡ್ಡ ಕಟ್ಟೇ ಇದೆ. ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೆದ ಪತ್ರಿಕೆ, ಮೇಲೆ ಗಣಪತಿ ಬೇರೆ. ಮದುವೆಯಾದವರಿಗೆ ಮಕ್ಕಳಾದರೂ ಅತ್ತೆ ಅದನ್ನು ಎಸೆಯಗೊಡುವುದಿಲ್ಲ. ಆ ಕಟ್ಟಿನಿಂದ ಒಂದನ್ನು ಎಳೆದುಕೊಟ್ಟರು. ವೈದ್ಯನಾಥಪುರದ ಬಳಗದವರದು, ರಟ್ಟಿನಂಥ ದಪ್ಪ. ಕತ್ತರಿಸೋಣವೆಂದರೆ ಒಪ್ಪಲಿಲ್ಲ. "ದೇವರಿಗೆ ಕತ್ರಿ ಆಕ್ಬೇಡ, ಮಡಿಚಿಕೋ." ಮಡಿಚಿಟ್ಟಾಗ ಅಳತೆ ಸರಿಹೋಯಿತು. ಗಣಿತದ ಮೇಷ್ಟ್ರಿಗೆ ಬೇಕಾದಾಗ ಎತ್ತಿಕೊಳ್ಳಲೆಂದು ಮೇಲಂಚಿಗೆ ಮಾತ್ರ ಟೇಪು ಹಚ್ಚಿದೆ. ಮೂರು ಪುಟ ಪಾಠದ ಟಿಪ್ಪಣಿ ಟೈಪ್ ಮಾಡಿ ಕೇಳಿದೆ. ಒಂದಕ್ಷರವೂ ಜಾಗ ಬಿಟ್ಟು ಕದಲಿರಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಲ್ಯಾಪ್‌ಟಾಪಿನ ಮೇಲೆ ಪ್ರೀತಿ ಬಂತು.

ಎರಡನೇ ಪರೀಕ್ಷೆಯ ಪತ್ರಿಕೆ ತಯಾರಿಸುವ ದಿನ, ಅಲ್ಲಿಯವರೆಗೆ ಮನೆಯಲ್ಲಷ್ಟೇ ಅಂಟಿಸುತ್ತಿದ್ದ ಲಗ್ನಪತ್ರಿಕೆಯನ್ನು ಮೊದಲ ಸಲ ಶಾಲೆಯಲ್ಲೂ ಅಂಟಿಸಿ, ಲ್ಯಾಪ್‌ಟಾಪನ್ನು ಸ್ಟಾಫ್ ರೂಮಿನಲ್ಲಿಟ್ಟು ಪಾಠಕ್ಕೆ ಹೋದೆ. ಪಾಠ ಮುಗಿಸಿ ಬಂದು ಕೈಯಾಡಿಸಿದರೆ ನುಣುಪು ಜಾಗ ಬರಿದಾಗಿತ್ತು.

"ಯಾರ ಮದ್ವೆ ಮೇಡಂ?" ಗಣಿತದ ಮೇಷ್ಟ್ರು ಕೇಳಿದರು. "ಎಲ್ರಿಗೂ ಒಂದೇ ಪತ್ರಿಕೆ ಇಟ್ಟಿದ್ದೀರಿ. ನಾನೇ ಜೋಪಾನವಾಗಿ ಬೀರು ಮೇಲೆ ಇಟ್ಟಿವ್ನಿ. ಎಲ್ಲಾರೂ ಬತ್ತೀವಿ ಬುಡಿ."

ಆ ಮದುವೆಯಾಗಿ ಎರಡು ವರ್ಷವಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಾಸ್ಟರು ಬಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಊಂ, ಹೇಳಿ ಮೇಡಂ."

ಹೇಳಿದೆ. ಬೇಕೆಂದೇ ಟಚ್‌ಪ್ಯಾಡಿನ ಮಾತೆತ್ತಲಿಲ್ಲ, ನನ್ನಲ್ಲೂ ಅಷ್ಟು ಕೆಟ್ಟತನವಿದೆ. ಎರಡು ಪ್ರಶ್ನೆ ಸುಸೂತ್ರವಾದವು. ಮೂರನೆಯದರಲ್ಲಿ ಅವರು ತಡೆದರು, ಅಳಿಸಿದರು, ಮತ್ತೆ ಒತ್ತಿದರು. ನಾಲ್ಕನೆಯದಕ್ಕೆ, "ಥೂ ಇದರ! ಇಲ್ಲಿ ಹೊಡೆದ್ರೆ ಅಲ್ಲಿಗೆ ಓಯ್ತದಲ್ರೀ" ಎಂದು ಮೇಜು ಗುದ್ದಿದರು. ಐದನೆಯದಕ್ಕೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. "ಈ ಲ್ಯಾಪ್‌ಟಾಪೇ ಸರಿಯಿಲ್ಲ. ಇದ್ರಲ್ಲಿ ಮನುಷ್ಯರು ಕೆಲ್ಸ ಮಾಡಕಾಯ್ತದಾ?"

ನನಗಾದಾಗ ಕಣ್ಣು ಸರಿಯಿರಲಿಲ್ಲ, ಅವರಿಗಾದಾಗ ಲ್ಯಾಪ್‌ಟಾಪು ಸರಿಯಿಲ್ಲ. ಎಷ್ಟು ಸುಲಭವಾಗಿ ಹೇಳಿಬಿಟ್ಟರು! ಮಂಡ್ಯಕ್ಕೆ ಈಗಲೇ ಒಂದು ದೂರು ಬರೆಯಬೇಕು ಎಂದರು. ಬರೆಯುವುದು ಎಲ್ಲಿ? ಇದ್ದದ್ದು ಇದೊಂದೇ.

"ಬೀರು ಮೇಲಿನ ಪತ್ರಿಕೆ ಕೊಡಿ ಸಾರ್" ಎಂದು ಗಣಿತದ ಮೇಷ್ಟ್ರನ್ನು ಕೇಳಿದೆ. ಕೊಟ್ಟರು. ಮಡಿಚಿ, ಅಂಟಿಸಿ, ಇದೆಲ್ಲ ಈ ಟಚ್‌ಪ್ಯಾಡಿನ ಕಾಟವೆಂದು ಹೆಡ್‌ಮಾಸ್ಟರಿಗೆ ಹೇಳಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂತೆ. ಹೆಡ್‌ಮಾಸ್ಟರು ಬಾಯಲ್ಲಿ ಹೇಳಿದರು, ನಾನು ಟೈಪ್ ಮಾಡಿದೆ. ಸದರಿ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ದೋಷಪೂರಿತವಾಗಿದ್ದು, ಇದರಲ್ಲಿ ತಪ್ಪಿಲ್ಲದೆ ಒಂದು ಪತ್ರವನ್ನೂ ಸಿದ್ಧಪಡಿಸಲು ಸಾಧ್ಯವಿಲ್ಲವೆಂದು ತಮ್ಮ ಗಮನಕ್ಕೆ ತರುತ್ತೇನೆ.

ಪ್ರಿಂಟಾಗಿ ಬಂದ ಹಾಳೆಯನ್ನು ಅವರು ಓದಿದರು. ಹಾಳೆ ತಿರುಗಿಸಿದ ಸದ್ದಾಯಿತು, ಮತ್ತೊಮ್ಮೆ ಓದಿದರೆಂದು ತೋರುತ್ತದೆ.

"ಒಂದು ತಪ್ಪೂ ಇಲ್ವಲ್ಲ ಮೇಡಂ" ಎಂದರು. ದನಿಯಲ್ಲಿ ಆಶ್ಚರ್ಯವೇ ಇತ್ತು, ಅದೇ ನನ್ನನ್ನು ಹೆಚ್ಚು ಕೆರಳಿಸಿದ್ದು.

"ಸಹಿ ಹಾಕಿ ಸಾರ್" ಎಂದೆ. "ಪ್ರಶ್ನೆಪತ್ರಿಕೆ ಅರ್ಧ ಉಳಿದಿದೆ, ನಾನು ಟೈಪ್ ಮಾಡಬೇಕು."