ನಡುಗೋಡೆಗೆ ಗುದ್ದುವ ಗೊಂಬೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಬೇರೆಯವರು ಬರೆದುಕೊಟ್ಟದ್ದನ್ನು ಇದ್ದ ಹಾಗೇ ಟೈಪು ಮಾಡಿದವಳು ನಾನು. ಉಪ್ಪು ಖಾರ ಹಚ್ಚಿ ಹೇಳುವ ಚಾಳಿ ನನಗಿಲ್ಲ. ದೆವ್ವಗಿವ್ವ ಅಂದರೆ ನಗುತ್ತಿದ್ದೆ. ಈಗಲೂ ದೆವ್ವ ಅನ್ನುವುದಿಲ್ಲ… ಏನನ್ನಬೇಕೋ ಗೊತ್ತಿಲ್ಲ.

ನಂಜನಗೂಡಿನ ನಮ್ಮ ಮನೆಯ ಮುಂಭಾಗದಲ್ಲಿ ನಾನು, ಹಿಂಭಾಗದಲ್ಲಿ ನಮ್ಮಣ್ಣ ಮಹದೇವ. ನಾನು ಗಂಡನನ್ನು ಕಳೆದುಕೊಂಡವಳು, ಅವನು ಮದುವೆಯೇ ಆಗದವನು. ನಾಲ್ಕು ವರ್ಷದ ಹಿಂದೆ ಅವನು ಟಿ. ನರಸೀಪುರ ಬಿಟ್ಟು ಬಂದಾಗ ನಡುಗೋಡೆ ಒಡೆಸಿ ಒಂದು ಬಾಗಿಲು ಇಡಿಸಿದೆವು. ಚಿಲಕ ನನ್ನ ಕಡೆಗಿತ್ತು.

ನರಸೀಪುರದಲ್ಲಿ ಅವನು ಬಹಳ ವರ್ಷ ಕಂಪ್ಯೂಟರ್ ಕ್ಲಾಸ್ ನಡೆಸಿದ್ದ. ಮುಚ್ಚುವಾಗ ಎಲ್ಲ ಮಾರಿದರೂ ಒಂದು ಹಳೇ ಕಂಪ್ಯೂಟರ್ ಮಾತ್ರ ಬಿಡಲಿಲ್ಲ. ಅದರಲ್ಲಿ ಆಟ ತಯಾರಿಸುವ ಸಾಫ್ಟ್‌ವೇರ್ ಒಂದಿತ್ತು. ಕಲಿಯುವವರಿಗೆ ಮಾದರಿ ಅಂತ ಅದರ ಸಿ.ಡಿ.ಯಲ್ಲೇ ನಾಲ್ಕೈದು ಡೆಮೊ ಆಟಗಳೂ ಬಂದಿದ್ದವಂತೆ. ಒಂದರಲ್ಲಿ ಹೆಬ್ಬೆರಳುದ್ದದ ಗೊಂಬೆಯೊಂದು ಮನೆಯೊಳಗೆ ಬೀಗದ ಕೈ ಹುಡುಕಿಕೊಂಡು ಹೊರಗೆ ಹೋಗಬೇಕು. ಹುಡುಗರಿಗೆ ಹೇಳಿಕೊಡಲು ಅಣ್ಣ ಇಪ್ಪತ್ತು ವರ್ಷದ ಹಿಂದೆಯೇ ಆ ಮನೆಯ ನಕ್ಷೆ ಅಳಿಸಿ ನಮ್ಮ ಮನೆಯ ನಕ್ಷೆ ಹಾಕಿದ್ದ. ಅವ್ವನ ಒರಳುಕಲ್ಲೂ ಇತ್ತು, ಹಿತ್ತಲಿನ ನೀರಿನ ತೊಟ್ಟಿಯೂ ಇತ್ತು.

ಯಾರೂ ಕೀಲಿ ಒತ್ತದೆ ಸುಮ್ಮನೆ ಬಿಟ್ಟರೆ ಗೊಂಬೆ ತಾನೇ ನಡೆದು ಆಟ ತೋರಿಸುತ್ತದೆ. ಆದರೆ ಅದಕ್ಕೆ ಕಲಿಸಿದ್ದು ಮೊದಲಿನ ಮನೆಯ ದಾರಿ. ನಮ್ಮ ಮನೆಯಲ್ಲಿ ಅದು ಸೀದಾ ಹೋಗಿ ನಡುಗೋಡೆಗೆ ಗುದ್ದಿಕೊಳ್ಳುತ್ತಿತ್ತು. ಟಕ್… ಟಕ್… ಟಕ್. ಸ್ವಲ್ಪ ನಿಂತು ಮತ್ತೆ ಮೂರು. ಸರಿಮಾಡೋ ಅಂದರೆ, ಪಾಪ ಅದಕ್ಕೆ ಹಳೇ ಮನೆ ಜ್ಞಾಪಕ, ಇರಲಿ ಬಿಡು ಅನ್ನುತ್ತಿದ್ದ. ಸಂಜೆಯಾದರೆ ಅದನ್ನೇ ಹಾಕಿಕೊಂಡು ಕೂರುತ್ತಿದ್ದ. ಬಾಗಿಲಾಚೆಯಿಂದ ಆ ಸದ್ದು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಒಂದು ದಿನ ಊಟವಾದ ಮೇಲೆ ರೇಗಿಬಿಟ್ಟೆ.

"ಅರವತ್ತು ತುಂಬ್ತಾ ಬಂತು, ಇನ್ನೂ ಗೊಂಬೆ ಆಡುಸ್ಕಂಡು ಕೂತಿದ್ದೀಯಲ್ಲ. ನಾಚ್ಕೆ ಆಗಲ್ವ ನಿಂಗೆ?"

ಅವನು ಎದ್ದು ತನ್ನ ಭಾಗಕ್ಕೆ ಹೋದ. ನಾನು ಬಾಗಿಲೆಳೆದು ಚಿಲಕ ಹಾಕಿ ಮಲಗಿದೆ. ಒಂದು ನಿದ್ದೆಯಾದ ಮೇಲೆ ಸೆಕೆಗೆ ಎಚ್ಚರವಾಯಿತು. ಆಗಲೂ ಅದೇ ಸದ್ದು… ಟಕ್, ಟಕ್, ಟಕ್. ನನ್ನನ್ನು ಉರಿಸಲು ಬೇಕಂತಲೇ ಹಾಕಿಕೊಂಡು ಕೂತಿದ್ದಾನೆ ಅಂದುಕೊಂಡೆ. ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಮಗ್ಗುಲು ಬದಲಿಸಿದೆ. ಸದ್ದು ನಿಧಾನವಾಯಿತು, ಆಮೇಲೆ ನಿಂತುಹೋಯಿತು. ಸದ್ಯ, ಬುದ್ಧಿ ಬಂತು ಅಂತ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಪಕ್ಕದ ಮನೆಯ ನಂಜಮ್ಮಕ್ಕ ನನ್ನ ಮುಂಬಾಗಿಲು ತಟ್ಟಿ, ಅಣ್ಣ ಏಳುತ್ತಿಲ್ಲ ಬಾ ಅಂದಳು. ಅಣ್ಣನಿಗೆ ಹಾಲು ಕೊಡುವವಳು ಅವಳೇ; ಅವನ ಹಿತ್ತಲ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಅವಳ ಹಿಂದೆಯೇ ಹಿತ್ತಲಿಗೆ ಸುತ್ತಿಕೊಂಡು ಓಡಿದೆ. ಅಣ್ಣ ಮಂಚದ ಮೇಲಿದ್ದ, ಎದೆಯವರೆಗೂ ಕಂಬಳಿ ಹೊದಿಸಿತ್ತು. ನಿದ್ದೆಯಲ್ಲೇ ಹೋಗಿದ್ದಾನೆ, ಪುಣ್ಯವಂತ ಅಂದಳು ನಂಜಮ್ಮಕ್ಕ. ಡಾಕ್ಟರು ಹೃದಯ ನಿಂತಿದೆ ಅಂದರು.

ನನಗೆ ಅಳು ಬರಲಿಲ್ಲ. ಬಂದವರಿಗೆಲ್ಲ ಕಾಫಿ ಕೊಟ್ಟು, ಲೋಟ ತೊಳೆದು ಬೋರಲು ಹಾಕಿದೆ. ಕಲ್ಲುಹೃದಯದವಳು ಅಂತ ಯಾರೋ ಅಂದರಂತೆ, ಅನ್ನಲಿ. ಒಳಗೆ ಏನೂ ಇರಲಿಲ್ಲ, ತೋರಿಸುವುದೇನನ್ನು?

ಜೀವ ಹೋದ ಜಾಗದಲ್ಲಿ ಹನ್ನೊಂದು ದಿನ ದೀಪ ಹಚ್ಚಿ, ಒಂದು ಚೊಂಬು ನೀರಿಡುವುದು ನಮ್ಮಲ್ಲಿ ಪದ್ಧತಿ. ಜಾಗ ತಪ್ಪಬಾರದು, ತಪ್ಪಿದರೆ ಹೋದವರು ಅಲೆಯುತ್ತಾರೆ ಅಂತ ಅವ್ವ ಹೇಳುತ್ತಿದ್ದಳು. ಮಂಚದ ಪಕ್ಕದಲ್ಲಿ ದೀಪವಿಟ್ಟೆವು. ಅದು ನಿಲ್ಲುತ್ತಲೇ ಇರಲಿಲ್ಲ. ಕಿಟಕಿ ಮುಚ್ಚಿದರೂ ಆರುತ್ತಿತ್ತು, ಎಣ್ಣೆ ತುಂಬಿದರೂ ಆರುತ್ತಿತ್ತು. ನಂಜಮ್ಮಕ್ಕ ನನ್ನ ಮುಖ ನೋಡದೆ ಮತ್ತೆ ಹಚ್ಚಿ ಹೋಗುತ್ತಿದ್ದಳು. ನಡುಬಾಗಿಲಿನ ಚಿಲಕ ಅವತ್ತು ಹಾಕಿದ್ದು ಹಾಗೇ ಇತ್ತು. ಯಾಕೋ ತೆಗೆಯಲು ಕೈ ಬರುತ್ತಿರಲಿಲ್ಲ, ಹಿತ್ತಲಿಂದ ಸುತ್ತಿ ಬರುತ್ತಿದ್ದೆ.

ಒಂಬತ್ತನೇ ದಿನ ಕುಮಾರ ಫೋನ್ ಮಾಡಿದ. ಅಣ್ಣನ ಹಳೇ ಶಿಷ್ಯ, ಬನ್ನೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಮೇಷ್ಟ್ರ ಜ್ಞಾಪಕಕ್ಕೆ ಆ ಕಂಪ್ಯೂಟರ್ ಕೊಡ್ತೀರಾ ಅಕ್ಕ ಅಂತ ಕೇಳಿದ. ನಡೆಯುತ್ತದೋ ಇಲ್ಲವೋ ನೋಡೋಣ ಅಂತ ಸಂಜೆ ದೀಪ ಹಚ್ಚಿದ ಮೇಲೆ ಅಣ್ಣನ ಕುರ್ಚಿಯಲ್ಲಿ ಕೂತು ಸ್ವಿಚ್ ಹಾಕಿದೆ. ಕಾದ ಧೂಳಿನ ವಾಸನೆ ಬಂತು. ಅದರ ಹಿಂದೆಯೇ ಅವನ ನಶ್ಯದ ವಾಸನೆ.

ಆಟ ತೆರೆದೆ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ.

ಗೊಂಬೆ ಮಂಚದ ಪಕ್ಕದಿಂದ ಹೊರಟಿತು. ಬೀಗದ ಕೈ ಕಡೆ ತಿರುಗಲೂ ಇಲ್ಲ, ಸೀದಾ ನಡುಗೋಡೆಗೆ ಬಂತು. ಟಕ್… ಟಕ್… ಟಕ್. ಇಷ್ಟು ದಿನ ಸದ್ದು ಕೇಳಿದ್ದೆನೇ ಹೊರತು ಎಲ್ಲಿ ಗುದ್ದುತ್ತದೆ ಅಂತ ಕಣ್ಣಿಟ್ಟು ನೋಡಿರಲಿಲ್ಲ. ಈಗ ಬಾಗಿಲಿದೆಯಲ್ಲ, ಅದೇ ಜಾಗ. ನಕ್ಷೆಯಲ್ಲಿ ಅಲ್ಲಿ ಬರೀ ಗೋಡೆ. ನಕ್ಷೆ ಇಪ್ಪತ್ತು ವರ್ಷದ್ದು, ಬಾಗಿಲು ನಾಲ್ಕು ವರ್ಷದ್ದು… ಏನೋ ಕಾಕತಾಳೀಯ ಅಂದುಕೊಂಡೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು, ಫ್ಯಾನು ತಿರುಗಿ ತಿರುಗಿ ನಿಂತಿತು.

ಟಕ್… ಟಕ್… ಟಕ್.

ಎದುರಿಗಿದ್ದ ಕಂಪ್ಯೂಟರ್ ಸತ್ತಿತ್ತು. ಸದ್ದು ಬಂದದ್ದು ಬಾಗಿಲಿನಿಂದ. ದೀಪದ ಬೆಳಕಿನಲ್ಲಿ ಬಾಗಿಲು ಪೂರ್ತಿ ಕಾಣುತ್ತಿತ್ತು, ಅಲ್ಲಿ ಯಾರೂ ಇರಲಿಲ್ಲ. ಬಾಗಿಲಿನ ಕೆಳಗಡೆ, ಮೊಣಕಾಲಿಗಿಂತಲೂ ಕೆಳಗೆ, ಬೆರಳಿನ ಗೆಣ್ಣು ಹಲಗೆಗೆ ತಾಗಿದಂಥ ಸದ್ದು. ಮತ್ತೆ ಮೂರು… ಈ ಸಲ ನಿಧಾನ. ಮತ್ತೆ ಎರಡು. ಆ ನಿಧಾನವನ್ನು ನಾನು ಮೊದಲೇ ಕೇಳಿದ್ದೆ. ಆಮೇಲೆ ದೀಪ ಆರಿತು.

ಹೆದರಿಕೆ ಆಯಿತೇ ಅಂತ ಕೇಳಿದರೆ, ಇಲ್ಲ. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದು ನಂಜಮ್ಮಕ್ಕನ ಮನೆಗೆ ಹೋದೆ. ಜಗಲಿಯ ಮೇಲೆ ಮೇಣದ ಬತ್ತಿ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

"ಅಕ್ಕ, ಅವತ್ತು ಅಣ್ಣ ಎಲ್ಲಿದ್ದ? ನಿಜ ಹೇಳು."

ಅವಳ ಕೈ ನಿಂತಿತು.

"ನಡುಬಾಗ್ಲು ತಾವ ಇದ್ದ ಕಣವ್ವ. ನೆಲದ್ ಮ್ಯಾಲೆ. ಕೈ ಬಾಗ್ಲಿಗೇ ಆನಿಸ್ಕಂಡಿದ್ದ. ನೀ ನೋಡುದ್ರೆ ಸಾಯೋಗಂಟ ಕೊರಗ್ತೀಯ ಅಂತ ನಾನೂ ನಮ್ಮೆಜಮಾನ್ರೂ ಎತ್ತಿ ಮಂಚುಕ್ಕೆ ಆಕುದೊ. ದೀಪ ಇಡುವಾಗ್ಲೇ ನಿಂಗೆ ಏಳ್ಬೇಕಾಗಿತ್ತು, ಬಾಯಿ ಬರ್ನಿಲ್ಲ."

ಆ ರಾತ್ರಿ ನನಗೆ ಸದ್ದು ಕೇಳಿಸಿತ್ತು, ಆಟದ ಸದ್ದು ಅಂದುಕೊಂಡು ಏಳಲಿಲ್ಲ ಅಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು.

"ಯಾವ ಆಟ ಮಗ?" ಅಂದಳು ಮೆಲ್ಲಗೆ. "ಅವತ್ತು ಒಂಬತ್ ಗಂಟೆಗೆ ಓದ ಕರಂಟು ಬೆಳಗಾನ ಬರ್ನಿಲ್ವಲ್ಲ."

ಸೆಕೆ… ಸೆರಗಿನಲ್ಲಿ ಗಾಳಿ ಬೀಸಿಕೊಂಡದ್ದು. ಫ್ಯಾನು ಯಾಕೆ ತಿರುಗುತ್ತಿಲ್ಲ ಅಂತ ಒಂದು ಸಲವಾದರೂ ಯೋಚಿಸಿದ್ದರೆ ಎದ್ದಿರುತ್ತಿದ್ದೆ.

ವಾಪಸು ಬಂದವಳು ನನ್ನ ಕಡೆಯಿಂದ ಹೋಗಿ ಚಿಲಕ ತೆಗೆದೆ. ಬಾಗಿಲು ತೆರೆದು, ದೀಪ ಹಚ್ಚಿ, ಹೊಸಿಲ ಪಕ್ಕದಲ್ಲಿ ನೆಲದ ಮೇಲಿಟ್ಟೆ. ಚೊಂಬನ್ನೂ ಅಲ್ಲಿಗೇ ತಂದೆ. ಎರಡೂ ಕಡೆಯ ಬಾಗಿಲು ತೆರೆದಿತ್ತು, ಗಾಳಿ ಬೀಸುತ್ತಿತ್ತು. ಆದರೂ ಮುಂದಿನ ಎರಡು ದಿನ ಆ ದೀಪ ಒಮ್ಮೆಯೂ ಆರಲಿಲ್ಲ. ತಪ್ಪು ನನ್ನದು ಅಂತ ಗೊತ್ತಿತ್ತು, ಆದರೆ ಆಗಲೂ ಅಳು ಬರಲಿಲ್ಲ.

ಹನ್ನೊಂದು ಕಳೆದ ಮೇಲೆ ಕುಮಾರ ಬಂದು ಕಂಪ್ಯೂಟರ್ ತೆಗೆದುಕೊಂಡು ಹೋದ. ವಾರ ಬಿಟ್ಟು ಫೋನ್ ಮಾಡಿದಾಗ, ಗೊಂಬೆ ಇನ್ನೂ ಗೋಡೆಗೆ ಗುದ್ದುತ್ತದಾ ಅಂತ ಕೇಳಿದೆ.

"ಇಲ್ಲ ಅಕ್ಕ. ಬೀಗದ್ ಕೈ ತಗಂಡು, ನಡುಗೋಡೇಲಿ ಒಂದು ಬಾಗ್ಲು ಅದೆಯಲ್ಲ, ಅದ್ರಲ್ಲಿ ದಾಟ್ಕಂಡು ಆಚೆ ಓಯ್ತದೆ."

ನಾನು ನೋಡಿದಾಗ ಅಲ್ಲಿ ಬಾಗಿಲಿರಲಿಲ್ಲ. ಯಾರಾದರೂ ತಿದ್ದಿದ್ದಾರಾ ನೋಡಪ್ಪ ಅಂದೆ. ಅವನು ಏನೇನೋ ತೆಗೆದು ನೋಡಿದ. ಆ ಆಟವನ್ನು ಯಾರೂ ಮುಟ್ಟಿಲ್ಲ, ಇಪ್ಪತ್ತು ವರ್ಷದ ಹಿಂದೆ ಮೇಷ್ಟ್ರು ತಿದ್ದಿದ್ದೇ ಕೊನೆ ಅಂತ ತೋರಿಸುತ್ತಿದೆ ಅಂದ.

ನಡುಬಾಗಿಲಿನ ಚಿಲಕ ಬಿಚ್ಚಿಸಿ ಹಾಕಿದ್ದೇನೆ. ಕರೆಂಟ್ ಹೋದ ರಾತ್ರಿಗಳಲ್ಲಿ ಎದ್ದು ಕೂತು, ಉಸಿರು ಹಿಡಿದು ಕೇಳುತ್ತೇನೆ. ಏನೂ ಕೇಳಿಸುವುದಿಲ್ಲ. ಕೇಳಿಸಿದ್ದರೆ ಈ ಸಲ ಎದ್ದು ಹೋಗುತ್ತಿದ್ದೆ.