ಸೀಟಕ್ಕ ಆರಿಸಿದ ಬೆಕ್ಕಿನ ಪೆಟ್ಟಿಗೆ

ಮೂರನೇ ಮಹಡಿಯ ಬಾಗಿಲಲ್ಲೇ ಬಟ್ಟೆ ಚೀಲದ ಜಿಪ್ಪು ಬಾಯಿಬಿಟ್ಟಿತು. ಒಳಗಿದ್ದ ಬೆಕ್ಕು ಹೊರಗೆ ಚಿಮ್ಮಿ, ದಾರಿಗೆ ಅಡ್ಡ ನಿಂತಿದ್ದವನ ಮುಖಕ್ಕೇ ಎರಗಿತು. ಅವನು ಅದನ್ನು ಕೆನ್ನೆಯಿಂದ ಕಿತ್ತು ಗೋಡೆಗೆ ಅಪ್ಪಳಿಸಿದ. ಆಮೇಲೆ ಚೀಲ ಹಿಡಿದು ಮನೆ ಬಿಟ್ಟು ಹೊರಟಿದ್ದ ಹೆಂಡತಿಯ ಕಡೆ ತಿರುಗಿದ.

ಸೀಟಕ್ಕ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವನು ಅವಳ ತಂಗಿಯನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಿದ್ದ. ಸೀಟಕ್ಕ ಸಂದಿಗೆ ಕೈ ತೂರಿಸಿದಳು. ಅವನು ನೋಡಿ ನೋಡಿಯೇ ಬಾಗಿಲು ಬಡಿದ. ಎಡಗೈಯ ಎರಡು ಬೆರಳು ಕಟಕ್ಕೆಂದವು.

"ಅತ್ತಿಗೆ, ಮನೆಗೆ ಹೋಗಿ," ಎಂದ ಒಳಗಿನಿಂದ, ಏನೂ ಆಗಿಲ್ಲವೆಂಬಂತೆ. "ಇವಳು ಎಲ್ಲಿಗೂ ಬರಲ್ಲ. ಬಂದ್ರೆ ಬರ್ಲಿ, ಬೆಕ್ಕು ಇಲ್ಲೇ ಇರುತ್ತೆ. ಇವಳು ವಾಪಸ್ ಬರೋ ತನಕ ಅದರ ಒಂದೊಂದೇ ಕಾಲು ಮುರೀತೀನಿ."

ಅವನು ಲಿಫ್ಟ್ ರಿಪೇರಿಯವನು. ಊರಿಗೆಲ್ಲ ಲಿಫ್ಟ್ ಸರಿಮಾಡಿಕೊಡುವವನ ಮನೆಗೆ ಲಿಫ್ಟೇ ಇರಲಿಲ್ಲ. ಹೊರಗೆ ಕೇಳಿದರೆ ಎಲ್ಲರೂ ಬಂಗಾರದಂಥ ಮನುಷ್ಯ ಅನ್ನುತ್ತಿದ್ದರು. ಮನೆಯೊಳಗೆ ಅವನ ಕೈ ಬಾಯಿಗಿಂತ ಮುಂಚೆ ಮಾತಾಡುತ್ತಿತ್ತು. ಮಗುವಿಲ್ಲದ ಆ ಮನೆಯಲ್ಲಿ ತಂಗಿಯ ಮಗ್ಗುಲಿಗೆ ಬಂದು ಮಲಗುವ ಜೀವವೆಂದರೆ ಆ ಕಪ್ಪು ಬೆಕ್ಕೊಂದೇ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದರಿಂದ ಅದಕ್ಕೆ ಮೆಣಸಿ ಎಂದು ಹೆಸರು.

ಸೀಟಕ್ಕ ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ವ್ಯಾನು, ಬಸ್ಸುಗಳ ಸೀಟು ಹೊಲಿಯುವವಳು. ಅವಳ ನಿಜವಾದ ಹೆಸರು ಅವಳಿಗೇ ಮರೆತಂತಾಗಿತ್ತು. ಅಮ್ಮ ಹೋದಾಗ ತಂಗಿ ಇನ್ನೂ ಎಡವಿ ಬೀಳುತ್ತ ನಡೆಯುವ ಕೂಸು. ಅಪ್ಪ ಬೆಲ್ಟು ಬಿಚ್ಚಿದಾಗಲೆಲ್ಲ ಇವಳು ಅಡ್ಡ ಬಂದು ಬೆನ್ನು ಕೊಡುತ್ತಿದ್ದಳು. ಒಂದು ದಿನ ಅದೇ ಬೆಲ್ಟನ್ನು ಅವನ ಕೈಯಿಂದ ಕಸಿದು ಅವನಿಗೇ ಬಾರಿಸಿದಳು. ಅಪ್ಪ ಮತ್ತೆ ಕೈ ಎತ್ತಲಿಲ್ಲ. ಆದರೆ ಆ ಏಟಿನ ರುಚಿ ತನ್ನ ತೋಳಿಗೆ ಹಿಡಿಸಿತ್ತು ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮುಂದೊಮ್ಮೆ ಸೊಂಟಕ್ಕೆ ಕೈ ಹಾಕಿದ ಡ್ರೈವರೊಬ್ಬನ ಹಲ್ಲು ಉದುರಿಸಿದ್ದಳು. ತಂಗಿಗೆ ಮಾತ್ರ ಬೆರಳೂ ತಾಗಿಸಿದವಳಲ್ಲ.

ಗೋಡೆಗೆ ಬಡಿದು ಮುರಿದಿದ್ದ ಮೆಣಸಿಯ ಹಿಂಗಾಲು ಸೊಟ್ಟಗೆ ಕೂಡಿಕೊಳ್ಳತೊಡಗಿತು. ಡಾಕ್ಟರ ಹತ್ತಿರ ಒಯ್ಯಲು ಅವನು ಬಿಡಲಿಲ್ಲ. ತರಕಾರಿ ಅಂಗಡಿಯ ಮುಂದೆ ಅವನ ಕಣ್ಣು ತಪ್ಪಿಸಿ ಸಿಕ್ಕಾಗ ತಂಗಿ ಕಣ್ಣಿನ ಸುತ್ತ ಕಪ್ಪುಗಟ್ಟಿದ ಮುಖ ಹೊತ್ತು ಬಂದಿದ್ದಳು.

"ನೀನು ಸುಮ್ನೆ ಬಾರೇ," ಎಂದಳು ಸೀಟಕ್ಕ. "ಬೆಕ್ಕಿಗಿಂತ ನಿನ್ನ ಜೀವ ದೊಡ್ಡದು."

"ಅವನು ಹೇಳಿದ್ದು ಮಾಡ್ತಾನಕ್ಕ. ಅದರ ಕೂಗು ಕಿವೀಲಿಟ್ಕೊಂಡು ನಾನು ನಿನ್ನ ಮನೇಲಿ ಹೇಗೆ ಊಟ ಮಾಡ್ಲಿ?"

ಸೀಟಕ್ಕ ನೆಟ್ಟಗೆ ಪಶುವೈದ್ಯೆಯ ಬಳಿ ಹೋಗಿ, ಬೆಕ್ಕನ್ನು ಸಾಗಿಸಲು ಎಂಥ ಪೆಟ್ಟಿಗೆ ಬೇಕು ಎಂದು ಕೇಳಿದಳು. ವೈದ್ಯೆ ಸಮಾಧಾನದಿಂದ ಹೇಳಿದಳು: ಒಳಗೆ ನಿಂತು ಒಂದು ಸುತ್ತು ತಿರುಗುವಷ್ಟು ಜಾಗ ಸಾಕು, ದೊಡ್ಡದಾದರೆ ಬೆಕ್ಕು ಅತ್ತಿಂದಿತ್ತ ಜಾರಿ ಪೆಟ್ಟು ತಿನ್ನುತ್ತದೆ. ಗಾಳಿ ಎಲ್ಲ ಕಡೆಯಿಂದ ಆಡಬೇಕು. ಮೇಲೂ ಬಾಗಿಲಿದ್ದರೆ ಒಳಗೆ ಇಳಿಸುವುದು ಸುಲಭ. "ಕೆಲವು ದಿನ ಮುಂಚೆ ಮನೇಲಿ ತೆರೆದಿಡಿ. ಅದಾಗಿ ಅದೇ ಹೋಗಿ ಮಲಗಲಿ."

"ತೆರೆದಿಟ್ರೆ ಅದನ್ನ ನೋಡೋನು ಬೇರೆ ಇದಾನೆ, ಡಾಕ್ಟ್ರೇ."

ವೈದ್ಯೆ ಅವಳ ಪಟ್ಟಿ ಸುತ್ತಿದ ಬೆರಳು ನೋಡಿದಳು. "ಹಾಗಾದ್ರೆ ಅದು ಮಲಗೋ ಬಟ್ಟೆ ಒಳಗೆ ಹಾಸಿ. ವಾಸನೆಗೆ ಸ್ವಲ್ಪ ಧೈರ್ಯ ಬರುತ್ತೆ."

ಸಾಕುಪ್ರಾಣಿಗಳ ಅಂಗಡಿಗೆ ಸೀಟಕ್ಕ ಹೋದದ್ದು ಮೆಣಸಿಯ ತೂಕದಷ್ಟು ಸೀಟಿನ ಸ್ಪ್ರಿಂಗುಗಳನ್ನು ಚೀಲದಲ್ಲಿ ಕಟ್ಟಿಕೊಂಡು. ಬಟ್ಟೆಯ ಚೀಲಗಳನ್ನು ಮುಟ್ಟಲೂ ಇಲ್ಲ, ಜಿಪ್ಪು ಕಂಡರೇ ಅವಳ ಮೈ ಉರಿಯುತ್ತಿತ್ತು. ತಂತಿಯ ಪಂಜರದ ಕಿಂಡಿಗಳಲ್ಲಿ ಬೆರಳಾಡಿಸಿ, ಸೊಟ್ಟ ಕಾಲು ಇಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಬದಿಗಿಟ್ಟಳು. ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗೆ ಸ್ಪ್ರಿಂಗಿನ ಚೀಲ ಇಟ್ಟು ಎದೆಯೆತ್ತರದಿಂದ ಕೈಬಿಟ್ಟಳು. ಕ್ಲಿಪ್ಪುಗಳು ಹಾರಿ ಪೆಟ್ಟಿಗೆ ಎರಡು ಹೋಳಾಯಿತು.

ಅಂಗಡಿಯವನು ಓಡಿಬಂದ. "ಅಮ್ಮಾ, ಇದರಲ್ಲಿ ಬೆಕ್ಕು ಇಡ್ತೀರೋ, ಬಾಂಬ್ ಇಡ್ತೀರೋ?"

"ಬೆಕ್ಕೇ. ಬಾಂಬ್ ಅದರ ಮನೇಲಿದೆ."

ಅವನ ನಗು ಅರ್ಧಕ್ಕೇ ನಿಂತಿತು. ಒಳಗೆ ಹೋಗಿ, ಹೋಳುಗಳನ್ನು ಸ್ಕ್ರೂ ಹಾಕಿ ಬಿಗಿದಿದ್ದ, ಉಕ್ಕಿನ ಬಾಗಿಲಿನ ಬೂದುಬಣ್ಣದ ಪೆಟ್ಟಿಗೆಯೊಂದನ್ನು ತಂದ. ಮೇಲೂ ಒಂದು ಬಾಗಿಲು, ವಾಹನದ ಬೆಲ್ಟು ತೂರಿಸಲು ಬೆನ್ನಲ್ಲಿ ಸೀಳು. ಅವಳು ಕೆಡವಿದಳು, ಒದ್ದಳು, ಕೊನೆಗೆ ಮೇಲೆ ಹತ್ತಿ ನಿಂತಳು. ಅದು ಜಗ್ಗಲಿಲ್ಲ. ಶೆಡ್ಡಿಗೆ ತಂದು ಒಳಗಿನ ಚೂಪು ಅಂಚುಗಳನ್ನೆಲ್ಲ ಉಜ್ಜಿ, ಮೆತ್ತನೆ ಫೋಮಿನ ಹಾಸು ಹೊಲಿದಳು. ಪಟ್ಟಿ ಸುತ್ತಿದ ಬೆರಳಿಂದ ರಕ್ತ ಜಿನುಗಿದರೂ ಹೊಲಿಗೆ ನಿಲ್ಲಿಸಲಿಲ್ಲ. ಹಾಸಿನ ಮೇಲೆ ತಂಗಿ ಕದ್ದು ತಂದುಕೊಟ್ಟ ಹಳೇ ಸ್ವೆಟರ್ ಹಾಸಿದಳು.

ತಂಗಿಯ ಗಂಡ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಗ್ಯಾರೇಜಿನ ಮುದಿ ಮೆಕ್ಯಾನಿಕ್ಕು ವ್ಯಾನು ತಂದು ಕೆಳಗೆ ನಿಲ್ಲಿಸಿದ. ತಂಗಿ ಮೆಣಸಿಯನ್ನು ಟವೆಲಿನಲ್ಲಿ ಸುತ್ತಿ, ಹಿಂಗಾಲು ಮೊದಲು ಮಾಡಿ, ಮೇಲಿನ ಬಾಗಿಲಿನಿಂದ ಇಳಿಸಿದಳು. ಬೆಕ್ಕು ಸ್ವೆಟರಿನೊಳಗೆ ಮೂಗು ತೂರಿಸಿತು. ಸೀಟಕ್ಕ ಪೆಟ್ಟಿಗೆಯನ್ನು ಹಿಡಿಕೆಯಲ್ಲಿ ತೂಗಾಡಿಸದೆ, ತಳಕ್ಕೆ ಕೈ ಕೊಟ್ಟು ಎದೆಗೆ ಅವಚಿಕೊಂಡಳು.

ಎರಡನೇ ಮಹಡಿಯ ತಿರುವಿನಲ್ಲಿ ಅವನು ಎದುರಾದ. ಎದುರುಮನೆಯ ಪುಣ್ಯಾತ್ಮರು ಯಾರೋ ಅವನಿಗೆ ಫೋನ್ ಮಾಡಿದ್ದರು.

ಅವನು ಬಂದ ರಭಸಕ್ಕೇ ಪೆಟ್ಟಿಗೆಗೆ ಒದ್ದ. ಅದು ಸೀಟಕ್ಕನ ತೋಳಿನಿಂದ ಹಾರಿ, ಮೆಟ್ಟಿಲಿಂದ ಮೆಟ್ಟಿಲಿಗೆ ಬಡಿಯುತ್ತ ಕೆಳಗುರುಳಿತು. ಒಳಗಿಂದ ಬಂದ ಅರಚಾಟ ಕಟ್ಟಡವನ್ನೆಲ್ಲ ತುಂಬಿತು. ಅಷ್ಟರಲ್ಲಿ ಅವನು ತಂಗಿಯ ಜಡೆ ಹಿಡಿದು ತಲೆಯನ್ನು ಕಬ್ಬಿಣದ ಕಂಬಿಗೆ ಗುದ್ದಿದ. ಒಮ್ಮೆ. ಮತ್ತೊಮ್ಮೆ. ಅವಳ ಕಿವಿಯಿಂದ ರಕ್ತ ಇಳಿಯಿತು.

ಸೀಟಕ್ಕನ ಸೊಂಟದಲ್ಲಿ ಸೀಟು ಬಡಿಯುವ ಮರದ ಕೊಡತಿ ಇತ್ತು. ಅದು ಆಕಸ್ಮಿಕವಾಗಿ ಇದ್ದದ್ದಲ್ಲ, ಬೇಕೆಂದೇ ಸಿಕ್ಕಿಸಿಕೊಂಡು ಬಂದಿದ್ದಳು. ಮೊದಲ ಏಟು ಅವನ ಮಣಿಕಟ್ಟಿಗೆ ಬಿತ್ತು, ಜಡೆ ಬಿಟ್ಟ. ಎರಡನೆಯದು ಮಂಡಿಗೆ. ಅವನು ಕುಸಿದು, ಅವಳ ಕಾಲು ಹಿಡಿದೆಳೆದು, ಮೀನಖಂಡಕ್ಕೆ ಹಲ್ಲೂರಿದ. ಅವಳು ಇನ್ನೊಂದು ಕಾಲಿಂದ ಅವನ ಬಾಯಿಗೆ ಒದ್ದಳು. ಅವನು ಅಂಗಾತ ಬಿದ್ದ. ಅವಳು ಕೊಡತಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಹಣೆಯ ನೇರಕ್ಕೆ ಎತ್ತಿದಳು. ತೋಳಿಗೆ ಹಳೆಯ ರುಚಿ ನೆನಪಾಗಿತ್ತು.

"ಅಕ್ಕಾ!" ತಂಗಿ ಕಿರುಚಿದಳು. "ಮೆಣಸಿ ಕೂಗ್ತಿದೆ! ಬಾರಕ್ಕ, ಮೊದ್ಲು ಅದನ್ನ ನೋಡು!"

ಕೊಡತಿ ಗಾಳಿಯಲ್ಲೇ ನಿಂತಿತು. ಸೀಟಕ್ಕ ಅದನ್ನು ಕೆಳಗಿಳಿಸಿ, ತಂಗಿಯ ತೋಳು ಹಿಡಿದು ಮೆಟ್ಟಿಲಿಳಿದಳು.

ಪೆಟ್ಟಿಗೆ ಕೆಳಗಿನ ಮನೆಯ ಹೊಸ್ತಿಲ ಬಳಿ ಮಗುಚಿ ಬಿದ್ದಿತ್ತು. ಒಂದು ಮೂಲೆ ಜಜ್ಜಿತ್ತು, ಬಾಗಿಲು ತೆರೆದಿರಲಿಲ್ಲ. ಆ ಮನೆಯ ಅಜ್ಜಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಕಂಬಿಗಳ ಸಂದಿಯಿಂದ ನೋಡುತ್ತಿದ್ದಳು. "ಉಸಿರಾಡ್ತಿದೆ ಕಣಮ್ಮ. ನನ್ ಮೇಲೇ ಬುಸ್ ಅಂತು, ಗಟ್ಟಿ ಪ್ರಾಣಿ. ಹೋಗಿ, ನಿಲ್ಲಬೇಡಿ."

ವ್ಯಾನಿನಲ್ಲಿ ಪೆಟ್ಟಿಗೆಗೆ ಬೆಲ್ಟು ಬಿಗಿದು, ಮೊದಲು ಆಸ್ಪತ್ರೆಗೆ, ಅಲ್ಲಿಂದ ಪೊಲೀಸರ ಬಳಿಗೆ ಹೋದರು. ಸಂಜೆ ಪಶುವೈದ್ಯೆ ಮೆಣಸಿಯನ್ನು ತಡವಿ ನೋಡಿದಳು. ಒಂದು ಉಗುರು ಕಿತ್ತುಬಂದಿತ್ತು. ಭಯಕ್ಕೆ ಹಾಸೆಲ್ಲ ಒದ್ದೆ ಮಾಡಿಕೊಂಡಿತ್ತು. ಬೇರೇನೂ ಇಲ್ಲ.

ತಂಗಿ ಅಷ್ಟು ಸುಲಭವಾಗಿ ಪಾರಾಗಲಿಲ್ಲ. ಅವಳ ಎಡಗಿವಿ ಮತ್ತೆ ಕೇಳಲಿಲ್ಲ. ಅವನೂ ಸುಮ್ಮನಿರಲಿಲ್ಲ, ಅತ್ತಿಗೆ ನನ್ನನ್ನು ಕೊಲ್ಲಲು ಬಂದಳು ಎಂದು ಎದುರು ದೂರು ಕೊಟ್ಟ. ಕೋರ್ಟಿನಲ್ಲಿ ಬಂಗಾರದಂಥ ಮನುಷ್ಯ ಎನ್ನಲು ನಾಲ್ಕು ಜನ ಬಂದರು. ಕೆಳಗಿನ ಮನೆಯ ಅಜ್ಜಿಯೂ ಕೋಲೂರಿಕೊಂಡು ಬಂದಳು. "ಆ ಹುಡುಗಿ ಕೂಗೋದನ್ನ ವರ್ಷಗಟ್ಟಲೆ ಕೇಳಿಸ್ಕೊಂಡು ಸುಮ್ನಿದ್ದೆ," ಎಂದಳು. "ಅವತ್ತು ಬಾಗಿಲು ತೆಗೆದು ನೋಡ್ದೆ. ನೋಡಿದ್ದನ್ನ ಹೇಳ್ತೀನಿ, ಬರ್ಕೊಳ್ಳಿ." ಅವನು ಜೈಲಿಗೆ ಹೋದ. ಸೀಟಕ್ಕನ ಮೇಲಿನ ಕೇಸು ಬಿದ್ದುಹೋಯಿತು.

ತಂಗಿ ಈಗ ಶೆಡ್ಡಿನಲ್ಲೇ ರೆಕ್ಸಿನ್ ಕತ್ತರಿಸುತ್ತಾಳೆ. ಮೆಣಸಿ ಬಾಗಿಲು ತೆರೆದಿದ್ದರೂ ಬಹಳ ದಿನ ಪೆಟ್ಟಿಗೆ ಬಿಟ್ಟು ಬರಲಿಲ್ಲ. ಬಂದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಸೀಟಕ್ಕನ ಕೈ ಪರಚಿದ್ದು.

ಒಂದು ಮಧ್ಯಾಹ್ನ ಮಷಿನ್ನು ನಿಂತಿದ್ದಾಗ ತಂಗಿ ಕೇಳಿದಳು. "ಅವತ್ತು ನಾನು ಕೂಗದೇ ಇದ್ದಿದ್ರೆ?"

ಸೀಟಕ್ಕ ಅವಳ ಬಲಗಿವಿಯ ಕಡೆಗೆ ಬಂದು ಕೂತಳು. "ಹೊಡೀತಿದ್ದೆ."

"ಗೊತ್ತಿತ್ತು. ಅದಕ್ಕೇ ಕೂಗಿದ್ದು. ಬೆಕ್ಕು ಆಗ್ಲೇ ಸುಮ್ನಾಗಿತ್ತಕ್ಕ."

ಸೀಟಕ್ಕ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಆಮೇಲೆ ದಾರ ಪೋಣಿಸಿಕೊಡು ಎಂದು ಸೂಜಿಯನ್ನು ತಂಗಿಯ ಕಡೆ ಚಾಚಿದಳು. ಮುರಿದು ಕೂಡಿದ ಬೆರಳಿಗೆ ಆ ಕೆಲಸ ಇನ್ನೂ ಒಗ್ಗಿರಲಿಲ್ಲ.